ಆರಡಿಗೆ ಒಂದಂಗುಲ

ಮೊನ್ನೆ ಕಪಾಟು ಸ್ವಚ್ಛ ಮಾಡುವಾಗ ಹಳೆಯ ರಟ್ಟಿನ ತುಂಡೊಂದು ಸಿಕ್ಕಿತು. ಅದರ ಮೇಲೆ ಕೆಂಪು ಬಣ್ಣದಲ್ಲಿ, ನನ್ನದೇ ಅಕ್ಷರದಲ್ಲಿ, ‘ಕೈ ಹಚ್ಚಬ್ಯಾಡ್ರಿ’ ಎಂದು ಬರೆದಿದೆ. ಕೆಳಗೆ ಎರಡು ಗೆರೆ. ಎರಡನೆಯ ಗೆರೆ ಎಳೆಯುವಾಗ ಎಷ್ಟು ಸಿಟ್ಟು ಬಂದಿತ್ತೆಂದರೆ ಆ ಜಾಗದಲ್ಲಿ ರಟ್ಟೇ ಹರಿದಿದೆ. ನಮ್ಮ ಪಡಸಾಲೆಯ ಗಾಜಿನ ಕಪಾಟಿನ ಮುಂದೆ ಇದು ಅನೇಕ ವರ್ಷ ನೇತಾಡಿತು. ಮನೆಗೆ ಬಂದವರಿಗೆ ನೀರು ಕೊಡುವ ಮೊದಲೇ ನಾನು ಇದನ್ನು ಓದಿ ಹೇಳುತ್ತಿದ್ದೆ. ಓದು ಬಾರದ ಮಕ್ಕಳಿಗೆ ಕಣ್ಣು ಬಿಟ್ಟು ಹೇಳುತ್ತಿದ್ದೆ. ಈಗ ಅದು ಹಳೆಯ ಪೇಪರುಗಳ ಕೆಳಗೆ ಬಿದ್ದಿದೆ. ತೆಗೆದಿಟ್ಟವಳು ನಾನೇ. ಯಾಕೆ ತೆಗೆದಿಟ್ಟೆ ಎಂದು ಹೇಳಬೇಕಾದರೆ ನನ್ನ ಹುಚ್ಚಿನಿಂದಲೇ ಶುರು ಮಾಡಬೇಕು.

ನಾನು ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಬಿಡುವು ಸಿಕ್ಕಾಗ ಪುಟ್ಟ ಮನೆ, ಪುಟ್ಟ ಬಂಡಿ, ಪುಟ್ಟ ಗಿಡ, ಪುಟ್ಟ ಮನುಷ್ಯರನ್ನು ಮಾಡಿ ಬಣ್ಣ ಹಚ್ಚುತ್ತೇನೆ. ಯಾರಾದರೂ ಇವನ್ನು ಗೊಂಬೆ ಎಂದರೆ ನನಗೆ ಮೈ ಉರಿಯುತ್ತದೆ. ಗೊಂಬೆಗೆ ಅಳತೆ ಇಲ್ಲ, ನನ್ನದಕ್ಕೆ ಇದೆ. ಆರಡಿಯ ಮನುಷ್ಯ ನನ್ನ ಲೋಕದಲ್ಲಿ ಒಂದಂಗುಲ. ಅದೇ ಲೆಕ್ಕದಲ್ಲಿ ಅವನ ಮನೆ, ಅವನ ಎತ್ತು, ಅವನು ಕುಡಿಯುವ ಚಹಾದ ಕಪ್ಪು. ಆ ಕಪ್ಪು ಸಾಸಿವೆ ಕಾಳಿನಷ್ಟಾಗುತ್ತದೆ. ಅದಕ್ಕೊಂದು ಹಿಡಿಕೆಯನ್ನೂ ಅಂಟಿಸುತ್ತೇನೆಂದರೆ ನನ್ನ ತಲೆಯ ಸ್ಥಿತಿ ನಿಮಗೆ ತಿಳಿದಿರಬೇಕು.

ನಮ್ಮ ಮನೆಯಲ್ಲಿ ಯಾವುದನ್ನೂ ನೇರವಾಗಿ ಕಸಕ್ಕೆ ಹಾಕುವಂತಿಲ್ಲ. ಸೋಸಿದ ಚಹಾಪುಡಿ ಒಣಗಿದರೆ ಎರೆಹೊಲ. ಬಲಿತ ಹೀರೇಕಾಯಿಯ ನಾರು ಗಿಡದ ಎಲೆಗೊಂಚಲು. ಕಸಬರಿಗೆಯ ಕಡ್ಡಿ ಮಾಳಿಗೆಯ ಜಂತಿ. ನಮ್ಮ ಮನೆಯವರ ಹಲ್ಲುಜ್ಜುವ ಬ್ರಶ್ಶು ಸವೆಯುವ ಮೊದಲೇ ಹುಲ್ಲುಗಾವಲಾಗಿಬಿಡುತ್ತದೆ. ಅವರು ಊರಿನಲ್ಲಿ ಮೋಟಾರ್ ಪಾರ್ಟ್ಸ್ ಅಂಗಡಿ ಇಟ್ಟವರು, ಮಾತು ಕಡಿಮೆ. ಆದರೆ ಬಂದ ನೆಂಟರಿಗೆ ಚಹಾ ಕೊಡುವಾಗ, “ಪೂರ್ತಿ ಕುಡೀರಿ. ನಮ್ಮ ಮನ್ಯಾಗ ನೀವು ಚಹಾ ಕುಡದ್ರ ಯಾರದೋ ಹೊಲಾ ಬಿತ್ತಿಗಿ ಬರತೈತಿ” ಎನ್ನುತ್ತಾರೆ.

ಮೊದಲು ಮಾಡಿದ್ದು ಕಿತ್ತೂರಿನ ಪಾಳು ಅರಮನೆ. ಬಿದ್ದ ಗೋಡೆ, ಒಡೆದ ಇಟ್ಟಿಗೆ, ಸಂದಿನಲ್ಲಿ ಬೆಳೆದ ಹುಲ್ಲು, ಎಲ್ಲವನ್ನೂ ಬಿಡದೆ ಮಾಡಿ ಶಾಲೆಗೆ ಒಯ್ದು ಇಟ್ಟೆ. ನೋಡಿದವರೆಲ್ಲ, “ಅಯ್ಯ, ತರೂವಾಗ ಮುರೀತೇನ್ರಿ ಟೀಚರ?” ಎಂದು ಮರುಗಿದರು. ಆಮೇಲೆ ರಾಮದುರ್ಗದ ಗೆಳತಿಯ ಮನೆಯ ಕೈಮಗ್ಗ ಮಾಡಿದೆ. ಅದರ ಹಾಸಿನ ಎಳೆಗೆ ಎಂಥ ನೂಲೂ ದಪ್ಪವಾಯಿತೆಂದು ನನ್ನ ತಲೆಗೂದಲನ್ನೇ ಕಿತ್ತು ಬಿಗಿದೆ. ಊಟದ ತಾಟಿನಲ್ಲಿ ಒಂದು ಕೂದಲು ಸಿಕ್ಕಿದ ದಿನ ನಮ್ಮ ಮನೆಯವರು ಅದನ್ನು ಎತ್ತಿ ಹಿಡಿದು, “ಮಗ್ಗದ್ದೋ, ನಿಂದೋ?” ಎಂದು ಕೇಳಿದರು. ನಾನು ಎರಡು ದಿನ ಅವರೊಡನೆ ಮಾತಾಡಲಿಲ್ಲ.

ಈ ಹುಚ್ಚು ಹತ್ತಿಸಿದವಳು ನನ್ನ ದೊಡ್ಡವ್ವ, ಅಂದರೆ ನನ್ನವ್ವನ ಅಕ್ಕ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ಕಲಸಿ ನನ್ನನ್ನು ಎದುರಿಗೆ ಕೂಡಿಸಿಕೊಂಡು ಎತ್ತು ಮಾಡಲು ಕಲಿಸಿದವಳು ಅವಳು. ಆಷಾಢದ ಮಂಗಳವಾರ ಮಣ್ಣಿನ ಗುಳ್ಳವ್ವ ದೇವಿಯನ್ನು ಮಾಡಿ, ಗುಲಗಂಜಿ ಒತ್ತಿ ಸಿಂಗಾರ ಮಾಡಲು ತೋರಿಸಿದವಳೂ ಅವಳೇ. ಕೈ ಎಷ್ಟು ಹಗುರವೋ ನಾಲಿಗೆ ಅಷ್ಟೇ ಭಾರ. ನಾನು ಮಾಡಿದ ಎತ್ತನ್ನು ನೆಲದ ಮೇಲಿಟ್ಟು ನೋಡಿ, “ಗಿರಿಜಿ, ಇದರ ಪಡುವಲದ ಕೋಡು ಸೊಟ್ಟ ಆಗೇತಿ” ಎನ್ನುತ್ತಿದ್ದಳು. ಎಡ, ಬಲ ಎಂಬ ಮಾತು ಅವಳ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಬೆನ್ನು ತುರಿಸಲು ಹೇಳಿದರೂ, “ಅಲ್ಲಲ್ಲ, ಬಡಗಲಕ್ಕ, ಇನ್ನಷ್ಟು ಬಡಗಲಕ್ಕ” ಎನ್ನುವವಳು. ಮಲಗಿದ ಮಗ್ಗುಲು ಬದಲಿಸಿದರೆ ಬೆನ್ನಿನ ದಿಕ್ಕೂ ಬದಲಾಗುತ್ತಿತ್ತು. ಹುಡುಗಿಯರೆಲ್ಲ ಸೇರಿ ಇದನ್ನು ಆಡಿಕೊಂಡು ನಗುತ್ತಿದ್ದೆವು.

ದೊಡ್ಡವ್ವನಿಗೂ ನನ್ನವ್ವನಿಗೂ ತವರಾದ ಊರೊಂದಿತ್ತು. ಆ ಊರು ಈಗಿಲ್ಲ. ಸವದತ್ತಿಯ ಕಡೆ ಡ್ಯಾಮು ಕಟ್ಟಿದಾಗ ಹಿನ್ನೀರಿನಲ್ಲಿ ಹೋಯಿತು. ನಾನು ಹುಟ್ಟುವ ಹೊತ್ತಿಗೆ ಅಲ್ಲಿ ನೀರಿತ್ತು. ಅದರ ಒಂದು ಫೋಟೋ ಸಹ ಯಾರ ಮನೆಯಲ್ಲೂ ಇಲ್ಲ. ನನ್ನವ್ವ ತೀರಿಕೊಂಡ ಮೇಲೆ ಅಲ್ಲಿಯ ಓಣಿಯನ್ನು ಕಣ್ಣಾರೆ ಕಂಡವರು ನಮ್ಮ ಮನೆತನದಲ್ಲಿ ಉಳಿದದ್ದು ದೊಡ್ಡವ್ವ ಒಬ್ಬಳೇ. ಮತ್ತು ಕಳೆದ ವರ್ಷ ಬೇಸಿಗೆಗೆ ಅವಳ ಕಣ್ಣು ಹೋಗತೊಡಗಿತು.

ಪೊರೆ ಬಂದಿದ್ದರೆ ತೆಗೆಸಬಹುದಿತ್ತು. ಇದು ಪೊರೆಯಲ್ಲ. ಕಣ್ಣಿನ ನರವೇ ಒಣಗುತ್ತ ಬಂದಿದೆ, ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಔಷಧ ಬಿಟ್ಟು ಆದಷ್ಟು ದಿನ ಹಿಡಿದಿಡಬೇಕು ಎಂದರು ಡಾಕ್ಟರು. ದೊಡ್ಡವ್ವ ಮುರಗೋಡದಲ್ಲಿ ಮಗ, ಸೊಸೆಯ ಜೊತೆ ಇದ್ದಾಳೆ. ನೋಡಲು ಹೋದಾಗ ಕೈಯ ಬಳೆಯೊಂದನ್ನು ತೆಗೆದು ನನ್ನ ಕಣ್ಣಿನ ಮುಂದೆ, ತೋಳು ಚಾಚಿದಷ್ಟು ದೂರ ಹಿಡಿದಳು.

“ಇದರಾಗಿಂದ ನೋಡ. ಏನ ಕಾಣತೈತಿ?”

“ನಿನ್ನ ಮೂಗು.”

“ನನಗೂ ಇಷ್ಟ ಕಾಣೂದು. ಸುತ್ತ ಎಲ್ಲಾ ಮಬ್ಬು. ಬಳಿಯೊಳಗ ಹಿಡಿಸಿದ್ದಷ್ಟ ನಂದು.”

ಆ ವರ್ಷ ಬೇಸಿಗೆಯ ಕೊನೆಗೆ ಹಿನ್ನೀರು ಬಹಳ ಇಳಿಯಿತು. ಹಳೆಯ ಊರುಗಳ ಪಾಯದ ಕಲ್ಲುಗಳು ಕಾಣುತ್ತಿವೆ ಎಂದು ಸುದ್ದಿ ಬಂತು. ಕಣ್ಣಿರುವಾಗಲೇ ಒಮ್ಮೆ ತೋರಿಸೋಣವೆಂದು ಅವಳನ್ನು ಕರೆದುಕೊಂಡು ಹೋದೆವು. ಬಿರುಕು ಬಿಟ್ಟ ಕೆಸರು, ಕಣ್ಣು ಹಾಯುವವರೆಗೂ ಬಯಲು. ದೊಡ್ಡವ್ವ ನಮ್ಮ ಮನೆಯವರ ತೋಳು ಹಿಡಿದು ನಿಂತು, ತಲೆಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ, ಬಳೆಯಷ್ಟು ಬಳೆಯಷ್ಟು ಬಯಲನ್ನು ನೋಡಿದಳು. ಕೊನೆಗೆ, “ನಡೀರಿ. ಊರು ದೊಡ್ಡದ ಆತು, ನನ್ನ ಕಣ್ಣಾಗ ಹಿಡಿಸವಲ್ದು” ಎಂದಳು. ದಾರಿಯುದ್ದಕ್ಕೂ ಮಾತಾಡಲಿಲ್ಲ. ನನಗೆ ಸುಮ್ಮನಿರುವುದು ಬರುವುದಿಲ್ಲ.

“ಬಳಿಯೊಳಗ ಹಿಡಿಸುವಂಗ ನಾ ಮಾಡಿ ಕೊಡತೇನಿ ಬಿಡ, ದೊಡ್ಡವ್ವ” ಎಂದುಬಿಟ್ಟೆ.

“ಖರೇನ?”

“ಖರೇ.”

“ಲಗೂ ಮಾಡ ಹಂಗಾರ,” ಎಂದಳು.

ಆಡುವುದು ಸುಲಭ. ಅಂದಿನಿಂದ ನನ್ನ ನೆಮ್ಮದಿ ಹೋಯಿತು. ನಾನು ಕಾಣದ ಊರು, ಫೋಟೋ ಇಲ್ಲದ ಊರು, ಅದನ್ನು ಕಂಡ ಒಂದೇ ಜೋಡಿ ಕಣ್ಣು ದಿನದಿನಕ್ಕೆ ಮಬ್ಬಾಗುತ್ತಿದೆ. ರವಿವಾರಕ್ಕೊಮ್ಮೆ ಮುರಗೋಡಕ್ಕೆ ಹೋಗಿ ಅವಳ ಎದುರು ಕೂಡುತ್ತಿದ್ದೆ. ಅವಳು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಮನೆಯ ಬಾಗಿಲು ಮೂಡಲಕ್ಕೆ. ತೆಂಕಲಕ್ಕೆ ಬೇವಿನ ಕಟ್ಟೆ, ಬಡಗಲಕ್ಕೆ ಸೇದುವ ಬಾವಿ. ಬಾವಿಯ ಗಾಲಿ ಎಣ್ಣೆ ಕಾಣದೆ ಚೀರುತ್ತಿತ್ತು. ಮಾಳಿಗೆಯ ಮೇಲೆ ಬೆಳಕಿಂಡಿ, ಅದಕ್ಕೆ ಮಳೆಗಾಲದಲ್ಲಿ ಮುಚ್ಚಲು ಒಂದು ಒಡೆದ ಗಡಿಗೆ. ನಾನು ಹಲಗೆಯ ಮೇಲೆ ದಿಕ್ಕಿನ ಬಾಣ ಗುರುತು ಮಾಡಿಕೊಂಡು, ಎಲ್ಲವನ್ನೂ ಅಳತೆಗೆ ಇಳಿಸಿಕೊಂಡು ಬಂದೆ.

ಆ ಮಳೆಗಾಲ ನನ್ನ ಮೇಲೆ ಹಗೆ ಸಾಧಿಸಿತು. ಮುಂಜಾನೆ ಹಚ್ಚಿದ ಅಂಟು ಮರುದಿನವೂ ಹಸಿ. ಮಣ್ಣಿನ ಗೋಡೆಗೆ ಬಣ್ಣ ಹಿಡಿಯದೆ ಬೂಸಲು ಹಿಡಿಯಿತು. ಬೇವಿನ ಗಿಡಕ್ಕೆ ಅಂಟಿಸಿದ ಎಲೆಗಳನ್ನು ಇರುವೆಗಳು ಹೊತ್ತುಕೊಂಡು ಹೋದವು. ಮೈದಾ ಹಿಟ್ಟಿನ ಅಂಟು ಹಚ್ಚಿದ ನನ್ನ ಜಾಣತನಕ್ಕೆ ಅವು ಕೊಟ್ಟ ಬಹುಮಾನ ಅದು. ಮನೆಯ ಒಳಗನ್ನು ಮಾಡಲು ವೇಳೆ ಸಾಲದೆಂದು ಬೆಂಕಿಕಡ್ಡಿ ಸೀಳಿ ಮಾಡಿದ ಮುಂಬಾಗಿಲಿನ ಎರಡು ಕದಗಳನ್ನು ಮುಚ್ಚಿ ಅಂಟಿಸಿಬಿಟ್ಟೆ. ಮುಚ್ಚಿದ ಬಾಗಿಲ ಹಿಂದೆ ಏನಿದೆ ಎಂದು ಯಾರು ಕೇಳುತ್ತಾರೆ? ನಮ್ಮ ಕಸುಬಿನ ಹಳೆಯ ಉಪಾಯ ಅದು.

ದಸರೆ ಕಳೆದ ಮೇಲೆ ಒಂದು ದಿನ ಶಾಂತಾ ವೈನಿ ಫೋನು ಮಾಡಿದರು. ದೊಡ್ಡವ್ವನ ಸೊಸೆ ಅವರು, ಸುಮ್ಮಸುಮ್ಮನೆ ಫೋನು ಮಾಡುವವರಲ್ಲ.

“ಗಿರಿಜಾ, ನಿನ್ನೆ ಅತ್ತಿ ಚಹಾಕ್ಕ ಉಪ್ಪ ಹಾಕ್ಕೊಂಡು ಕುಡದ್ರು. ಕುಡದು ಸುಮ್ಮನ ಕುಂತ್ರು. ನಿಂದು ಎಲ್ಲೀತನಕ ಬಂತು?”

“ಬಣ್ಣಾ ಇನ್ನೂ ಹಸಿ ಐತ್ರಿ ವೈನಿ. ಒಂದ ಪದರ ವಾರ್ನಿಶ್ ಹಚ್ಚಬೇಕು.”

“ವಾರ್ನಿಶ್ ಆಮ್ಯಾಲೆ ಹಚ್ಚು. ನೀ ಬಾ.”

ಮರುದಿನ ಶಾಲೆಗೆ ರಜೆ ಹಾಕಿದೆ. ನಮ್ಮ ಮನೆಯವರು ಗಾಡಿ ಹೊಡೆದರು, ನಾನು ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಕುಳಿತೆ. ಬೈಲಹೊಂಗಲದಿಂದ ಮುರಗೋಡದ ದಾರಿ ಎಷ್ಟೆಂದರೆ ಎಷ್ಟು? ಮಾತಾಡುತ್ತ ಹೋದರೆ ಗೊತ್ತೇ ಆಗುವುದಿಲ್ಲ. ಅಂದು ಮಾತ್ರ ನಮ್ಮ ತಾಲೂಕಿನವರಿಗೆ ರಸ್ತೆಯ ಹಂಪುಗಳ ಮೇಲೆ ಎಷ್ಟು ಪ್ರೀತಿ ಎಂಬುದು ನನಗೆ ತಿಳಿಯಿತು. ಶಾಲೆಯ ಮುಂದೆ ಹಂಪು, ಗುಡಿಯ ಮುಂದೆ ಹಂಪು, ಯಾರೋ ದೊಡ್ಡವರ ಮನೆಯ ಮುಂದೆ ಅವರ ದೊಡ್ಡಸ್ತಿಕೆಗೆ ತಕ್ಕಂಥ ಹಂಪು. ಪ್ರತಿ ಹಂಪಿಗೂ ಬೇವಿನ ಗಿಡ ನಡುಗುತ್ತಿತ್ತು, ಅದರೊಡನೆ ನಾನೂ.

“ಸಾವಕಾಶ ಹೊಡೀರಿ!”

“ಇದಕ್ಕಿಂತ ಸಾವಕಾಶ ಹೊಡದ್ರ ಗಾಡಿ ನಿಂದರತೈತಿ.”

“ನಿಂದರಲಿ!”

ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರು, ಎರಡು ಟ್ರೇಲರು, ರಸ್ತೆಯ ತುಂಬ ಅದರ ಹಾಡು. ಅದನ್ನು ದಾಟುವಾಗ ಎದುರಿಗೆ ಕುರಿಹಿಂಡು ಬಂತು. ನಮ್ಮ ಮನೆಯವರು ಬ್ರೇಕು ಹಾಕಿದರು. ಬಾವಿಯ ಗಾಲಿ ಕಳಚಿ ನನ್ನ ಸೀರೆಯ ನೆರಿಗೆಯಲ್ಲೆಲ್ಲೋ ಹೋಯಿತು. ನಾನು ಅಳುವುದೊಂದು ಬಾಕಿ. ಕುರಿ ಕಾಯುವವನು ಕಿಟಕಿಯಲ್ಲಿ ಹಣಿಕಿ ನೋಡಿ, “ಲಗ್ನದ ಕೇಕ್ ಏನ್ರಿ?” ಎಂದು ಕೇಳಿದ. ಅವನಿಗೆ ನಾನು ಕೊಟ್ಟ ನೋಟಕ್ಕೆ ಅವನ ಕುರಿಗಳೂ ದಾರಿ ಬಿಟ್ಟವು.

ಮುರಗೋಡದ ಮನೆಯ ಪಡಸಾಲೆಯಲ್ಲಿ ಶಾಂತಾ ವೈನಿ ಮೇಜು ತೆರವು ಮಾಡಿ ಇಟ್ಟಿದ್ದರು. ದೊಡ್ಡವ್ವ ಕುರ್ಚಿಯಲ್ಲಿ ಕೂತಿದ್ದಳು. ಒಗೆದ ಇಳಕಲ್ ಸೀರೆ ಉಟ್ಟಿದ್ದಳು, ಎಲ್ಲಿಗೋ ಹೊರಟವರಂತೆ. ನಾನು ಹಲಗೆಯನ್ನು ಮೇಜಿನ ಮೇಲಿಟ್ಟು, ಎಲ್ಲ ಪ್ರದರ್ಶನಗಳಲ್ಲಿ ಇಡುವ ಹಾಗೆ, ಮನೆಯ ಮುಂಬಾಗಿಲು ನೋಡುವವರ ಕಡೆಗೆ ಬರುವಂತೆ ತಿರುಗಿಸಿದೆ. ಸೀರೆ ಝಾಡಿಸಿ ಗಾಲಿ ಹುಡುಕಿ ಬಾವಿಗೆ ಸಿಕ್ಕಿಸಿದೆ.

“ನೋಡ, ದೊಡ್ಡವ್ವ.”

ಅವಳು ಮೇಜಿನ ಅಂಚು ಹಿಡಿದು ಬಗ್ಗಿದಳು. ಅವಳ ತಲೆ ಸಾವಕಾಶವಾಗಿ ಹಲಗೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಯಿತು. ಬಾವಿ ನೋಡಿದಳು. ಮಾಳಿಗೆ ನೋಡಿದಳು. ಬೇವಿನ ಗಿಡದ ಮೇಲೆ ಬಹಳ ಹೊತ್ತು ಕಣ್ಣು ನೆಟ್ಟಳು.

“ಛಂದ ಮಾಡೀದಿ,” ಎಂದಳು. ಸ್ವಲ್ಪ ತಡೆದು, “ಯಾರ ಮನಿ ಇದು?”

“ನಿಮ್ಮದ. ನಿನ್ನ ತವರಮನಿ.”

“ಅಲ್ಲವಾ.”

“ಅಲ್ಲ ಅಂದ್ರ? ನೀ ಹೇಳಿದಂಗ ಮಾಡೇನಿ! ಬಾವಿ ಐತಿ, ಕಟ್ಟಿ ಐತಿ, ಬೆಳಕಿಂಡಿ ಐತಿ, ಒಡದ ಗಡಿಗಿ ಸುದ್ದಾ ಐತಿ.”

“ಎಲ್ಲಾ ಐತಿ. ಖರೆ ಇದು ನಮ್ಮ ಮನಿ ಅಲ್ಲ. ತೆಂಕಲಕ್ಕ ಬಾಗಲಾ ಇಟ್ಟು ಯಾರರ ಮನಿ ಕಟ್ಟತಾರೇನು? ನಮ್ಮಪ್ಪಗ ಅಷ್ಟ ತಿಳೀತಿರಲಿಲ್ಲಾ?”

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನ ಕೆಳಗೆ ಭಯವಿತ್ತು. ತಡವಾಯಿತು, ಕಣ್ಣು ಹೋಗಿಬಿಟ್ಟಿದೆ, ಅಥವಾ ನೆನಪೇ ಹೋಗಿದೆ ಎಂದುಕೊಂಡೆ. “ಬಾಗಲಾ ಮೂಡಲಕ್ಕ ಐತಿ, ದೊಡ್ಡವ್ವ. ಇಲ್ಲಿ ನೋಡ, ಹಲಗಿ ಮ್ಯಾಲ ಬಾಣಾ ಹಾಕೇನಿ” ಎಂದು ಅವಳ ಮೂಗಿನ ಕೆಳಗೆ ಬೆರಳಿಟ್ಟು ತೋರಿಸಿದೆ. ಅವಳು ನೋಡಿದಳು, ಹಿಂದಕ್ಕೆ ಸರಿದು ಕುಳಿತಳು. ನನ್ನ ಮನಸ್ಸು ನೋಯಿಸಬಾರದೆಂದು ನಕ್ಕಳು ಬೇರೆ. ಆ ನಗೆಯನ್ನು ನನಗೆ ನೋಡಲಾಗಲಿಲ್ಲ. ನಮ್ಮ ಮನೆಯವರು ಹೊರಗೆ ಹೋಗಿ ಗಾಡಿಯ ಟಾಯರು ಒದ್ದು ನೋಡತೊಡಗಿದರು.

ಶಾಂತಾ ವೈನಿ ಚಹಾ ತಂದರು. ದೊಡ್ಡವ್ವನ ಮುಂದೆ ತಾಟು ಇಟ್ಟು, “ಅತ್ತೀ, ಚಹಾ ಮೂಡಲಕ್ಕ ಇಟ್ಟೇನ್ರಿ, ನೀರು ಪಡುವಲಕ್ಕ. ಚೂಡಾ ನಡುವ ಐತ್ರಿ” ಎಂದರು. ದೊಡ್ಡವ್ವ ತಾಟಿನ ಕಡೆ ನೋಡಲೂ ಇಲ್ಲ. ತಡಕಾಡದೆ ಕೈ ಚಾಚಿ ಚಹಾದ ಕಪ್ಪು ಎತ್ತಿಕೊಂಡಳು.

ನಾನು ಆ ಕೈಯನ್ನೇ ನೋಡುತ್ತ ನಿಂತೆ. ಬಾಲ್ಯದಲ್ಲಿ ನಾವು ಆಡಿಕೊಂಡು ನಕ್ಕಿದ್ದ ಪಡುವಲದ ಕೋಡು ನೆನಪಾಯಿತು. ನನ್ನ ಬಾಣ ಇದ್ದದ್ದು ಹಲಗೆಯ ಮೇಲೆ. ಅವಳ ಮೂಡಲ ಇದ್ದದ್ದು ಹೊತ್ತು ಹುಟ್ಟುವ ಕಡೆಗೆ, ಈ ಮನೆಯ ಅಡುಗೆಮನೆಯ ಗೋಡೆಯ ಆಚೆಗೆ. ನಾನು ಅವಳ ಊರನ್ನು ಎತ್ತಿ ತಂದು, ನನ್ನ ಅನುಕೂಲಕ್ಕೆ ಹೊತ್ತು ಹುಟ್ಟುವ ದಿಕ್ಕನ್ನೇ ತಿರುವಿ ಇಟ್ಟಿದ್ದೆ.

“ವೈನಿ, ಮೇಜಿನ ಆ ಕಡೆ ಹಿಡೀರಿ. ಗ್ವಾಡಿ ಬಿಟ್ಟು ನಡುವ ಎಳೆಯೂಣು.”

ಮೇಜನ್ನು ನಡುವೆ ತಂದು, ಹಲಗೆಯನ್ನು ಎತ್ತಿ, ಬಾಗಿಲು ಅಡುಗೆಮನೆಯ ಗೋಡೆಗೆ ಮುಖ ಮಾಡುವಂತೆ ಇಟ್ಟೆ. ಈಗ ದೊಡ್ಡವ್ವನ ಎದುರಿಗೆ ಬಂದದ್ದು ಬೇವಿನ ಕಟ್ಟೆ, ಅದರ ಹಿಂದೆ ಮನೆಯ ಪಕ್ಕದ ಗೋಡೆ. ಆ ಗೋಡೆಗೆ ನಾನು ಒಂದೇ ಪದರ ಬಣ್ಣ ಹಚ್ಚಿದ್ದೆ, ಯಾರು ನೋಡುತ್ತಾರೆಂದು.

ದೊಡ್ಡವ್ವ ಕಪ್ಪು ಕೆಳಗಿಟ್ಟು ಮತ್ತೆ ಬಗ್ಗಿದಳು. ಕಟ್ಟೆ ನೋಡಿದಳು. ಕಪ್ಪನ್ನು ಹಿಡಿದಿದ್ದ ಕೈ ಸೆರಗಿಗೆ ಹೋಯಿತು, ಸೆರಗು ಬಾಯಿಗೆ ಹೋಯಿತು. ಎದ್ದು ನಿಂತು, ಮೇಜಿನ ಅಂಚು ಸವರುತ್ತ, ಮೂಲೆ ದಾಟಿ ಸುತ್ತಿ ಬಂದಳು. ಓಣಿಯಲ್ಲಿ ಕಟ್ಟೆ ಬಳಸಿ ಮನೆಯ ಮುಂದೆ ಬರುವವರು ಹಾಗೆಯೇ ಬರುತ್ತಿದ್ದಿರಬೇಕು. ಬಾಗಿಲಿನ ಎದುರಿಗೆ ನಿಂತು, ಮುಖ ಹಲಗೆಗೆ ತಾಗುವಷ್ಟು ಬಗ್ಗಿದಳು.

“ಯವ್ವಾ,” ಎಂದಳು. ನನ್ನನ್ನಲ್ಲ, ಅವಳ ಅವ್ವನನ್ನು.

ನಾನು ಅಳು ತಡೆದುಕೊಳ್ಳಲು ಗೋಡೆಯ ಕ್ಯಾಲೆಂಡರು ಓದಿದೆ.

“ಗಿರಿಜಿ, ಹಗಲಹೊತ್ತಿನ್ಯಾಗ ಬಾಗಲಾ ಯಾಕ ಹಾಕೀದಿ? ನಮ್ಮ ಮನಿ ಬಾಗಲಾ ದೀಪಾ ಹಚ್ಚೂತನಕ ಹಾಕತಿರಲಿಲ್ಲ.”

ಅವಳ ತೋರುಬೆರಳು ಮೇಲೆದ್ದಿತು. ಕೈ ಹಚ್ಚಬೇಡ ಎಂಬ ಮಾತು ನನ್ನ ಬಾಯ ತನಕ ಬಂತು. ಇಷ್ಟು ವರ್ಷದ ರೂಢಿ, ಅಷ್ಟು ಸುಲಭವಾಗಿ ಹೋಗುತ್ತದೆಯೇ? ಬಣ್ಣ ಇನ್ನೂ ಹಸಿ, ಅಂಟು ಇನ್ನೂ ಹಸಿ. ನಾನು ಹಲ್ಲು ಕಚ್ಚಿದೆ. ಬೆರಳು ಬಾವಿಯಿಂದ ಹೊರಟು, ಅಂಗಳ ಸವರಿಕೊಂಡು ಬಂದು, ಬಾಗಿಲನ್ನು ಮುಟ್ಟಿತು. ಉಗುರಿನ ತುದಿಯಿಂದ ಮೆಲ್ಲಗೆ ನೂಕಿದಳು. ಟಿಕ್ ಎಂದು ಸದ್ದಾಯಿತು. ಬೆಂಕಿಕಡ್ಡಿಯ ಎರಡೂ ಕದ ಕಿತ್ತು ಒಳಗೆ ಬಿದ್ದವು.

ಶಾಂತಾ ವೈನಿ, “ಅಯ್ಯ ಅತ್ತೀ!” ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡರು.

“ತಗೀತು,” ಎಂದಳು ದೊಡ್ಡವ್ವ. ಅವಳ ಮುಖ ನೋಡಿದ ಮೇಲೆ, ಅದು ಮುರಿಯಿತು ಎಂದು ಹೇಳುವ ಧೈರ್ಯ ಅಲ್ಲಿ ಯಾರಿಗೂ ಬರಲಿಲ್ಲ.

ಆ ಹಲಗೆಯನ್ನು ನಾನು ತಿರುಗಿ ತರಲಿಲ್ಲ. ವಾರ್ನಿಶ್ಶೂ ಹಚ್ಚಲಿಲ್ಲ. ಈಗ ಅದು ಮುರಗೋಡದ ಪಡಸಾಲೆಯ ನಡುವೆ ಒಂದು ಎತ್ತರದ ಸ್ಟೂಲಿನ ಮೇಲಿದೆ. ಶಾಂತಾ ವೈನಿ ಕಸ ಹೊಡೆಯುವಾಗ ಸ್ಟೂಲು ಸರಿಸಿದರೂ, ಬಾಗಿಲು ಮೂಡಲಕ್ಕೇ ಬರುವಂತೆ ನೋಡಿ ಇಡುತ್ತಾರೆ. ಇಲ್ಲದಿದ್ದರೆ ದೊಡ್ಡವ್ವನ ಬೆರಳಿಗೇ ಗೊತ್ತಾಗುತ್ತದಂತೆ. ಬಳೆಯಷ್ಟು ಕಾಣುತ್ತಿದ್ದದ್ದು ಸಂಕ್ರಾಂತಿಯ ಹೊತ್ತಿಗೆ ಗುಲಗಂಜಿಯಷ್ಟಾಗಿ, ಯುಗಾದಿಯ ಹೊತ್ತಿಗೆ ಅದೂ ಹೋಯಿತು.

ಹೋದ ತಿಂಗಳು ಹೋಗಿದ್ದೆ. ಬಾವಿಯಿಂದ ಬಾಗಿಲ ತನಕ ನಾನು ಅಷ್ಟು ಕಷ್ಟಪಟ್ಟು ಹಚ್ಚಿದ ಬಣ್ಣ ಹೋಗಿ, ಅವಳ ಬೆರಳು ಓಡಾಡಿದ ಜಾಗದಲ್ಲಿ ಒಂದು ಕಾಲುದಾರಿ ಬಿದ್ದಿದೆ. ಬೇವಿನ ಗಿಡದ ಕೆಳಗಿನ ಟೊಂಗೆಗಳು ಇಲ್ಲ. ಮೊದಲಾಗಿದ್ದರೆ ಮನೆ ಎದ್ದು ಕುಣಿಯುವಂತೆ ಕೂಗಾಡುತ್ತಿದ್ದೆ. ಈಗ ಸ್ಟೂಲಿನ ಹತ್ತಿರ ಹೋಗಿ ಬಗ್ಗಿ ನೋಡಿದೆ. ನನ್ನ ಸಪ್ಪಳ ಕೇಳಿ ದೊಡ್ಡವ್ವ ಎದ್ದು ಬಂದಳು. ನನ್ನ ಕೈ ಹುಡುಕಿ, ತೋರುಬೆರಳನ್ನು ತನ್ನ ಬೆರಳುಗಳಲ್ಲಿ ಹಿಡಿದು, ಬಾವಿಯ ಹತ್ತಿರ ಇಟ್ಟಳು. ಅಲ್ಲಿಂದ ಆ ಕಾಲುದಾರಿಯಲ್ಲಿ ನಡೆಸಿಕೊಂಡು ಹೋದಳು. ಬಾಗಿಲಿಲ್ಲದ ಬಾಗಿಲಿನ ಹತ್ತಿರ ನಿಲ್ಲಿಸಿದಳು.

“ನಿಮ್ಮವ್ವ ಹುಟ್ಟಿದ ಮನಿ. ನೀ ಬಂದಿಲ್ಲ ಇಲ್ಲಿಗೆ,” ಎಂದಳು. “ಬಾ ಒಳಗ. ತಲಿ ಬಗ್ಗಿಸಿ ಬಾ ಮತ್ತ, ಬಾಗಲಾ ಗಿಡ್ಡ ಐತಿ.”

ನಾನು ತಲೆ ಬಗ್ಗಿಸಿದೆ.